ಕೈಗವಸಿನ ಹವಾಲ್ದಾರರು
ಮಕ್ತಲ್ ಪೇಟೆಯಲ್ಲಿ ನಡುಬೇಸಿಗೆಯಲ್ಲೂ ಉಣ್ಣೆಯ ಕೈಗವಸು ತೊಟ್ಟು ಸಾಮಾನು ಕೊಳ್ಳುವವರು ನಿವೃತ್ತ ಹವಾಲ್ದಾರ್ ಕಾಳಪ್ಪನವರೊಬ್ಬರೇ. ಕುಕ್ಕರಿನ ಮುಚ್ಚಳವಾಗಲಿ, ಬಾಗಿಲ ಚಿಲಕವಾಗಲಿ, ಕಣ್ಣು ಮುಚ್ಚಿಕೊಂಡು ಗವಸಿನ ಕೈಯಿಂದ ಹತ್ತು ಸಲ ತೆಗೆದು ಹಾಕಿದ ಮೇಲೆಯೇ ಅವರು ‘ಪಾಸ್’ ಎನ್ನುವುದು. ಟಾರ್ಚನ್ನಂತೂ ಬಸ್‌ಸ್ಟ್ಯಾಂಡಿನವರೆಗೆ ಓಡಿ ಹೋಗಿ ಬಂದು, ಏದುಸಿರಿನಲ್ಲೇ ಹಚ್ಚಿ ನೋಡುತ್ತಾರೆ. “ಸಾಬ್, ಮಕ್ತಲ್‌ದಾಗ ಹಿಮ ಯಾವಾಗ ಬೀಳತೈತ್ರಿ?” ಎಂದು ಅಂಗಡಿಯ ಗೋಪಾಲ್ ಕೆಣಕಿದರೆ, “ಸಾಮಾನು ಚಲೋ ಇದ್ರ ಸಾಲದಪ್ಪಾ, ಹಿಡಿಯೋ ಕೈಗೆ ಒಗ್ಗಬೇಕು” ಎನ್ನುತ್ತಾರೆ. ಎಲ್ಲರೂ ನಗುತ್ತಾರೆ, ಹೆಂಡತಿ ಕಿಷ್ಟಮ್ಮ ಮಾತ್ರ ನಗುವುದಿಲ್ಲ. ಸೇನೆಯಲ್ಲಿದ್ದಾಗ ಹೊಸ ಗಾಡಿಯೊಂದರ ಬಾಗಿಲ ಚಿಲಕವನ್ನು ಬೆಚ್ಚನೆಯ ಕೊಠಡಿಯಲ್ಲಿ ಬರಿಗೈಯಿಂದ ಪರೀಕ್ಷಿಸಿ ‘ಪಾಸ್’ ಎಂದು ರುಜು ಹಾಕಿದವರು ಕಾಳಪ್ಪನವರೇ. ಹಿಮದಲ್ಲಿ ಅದನ್ನು ತೆರೆಯಲಾರದೆ ಒಳಗೇ ಸತ್ತ ಚಾಲಕನ ಗವಸುಗಳಿವು.