ಮೊದಲು ಹೊರಟ ಗಂಟು

ಗಾಜಿನ ಸೇತುವೆಯ ಹುಚ್ಚು ಮೊದಲು ಹತ್ತಿದ್ದು ನಮ್ಮ ಭಾವನಿಗೆ. ಕೊಡಗಿನ ಕಡೆ ಕಣಿವೆಯ ಮೇಲೆ ಚಾಚಿಕೊಂಡ ಗಾಜಿನ ನೆಲ, ಅದರ ಮೇಲೆ ಜೀವ ಕೈಯಲ್ಲಿ ಹಿಡಿದು ನಡೆಯುವ ಜನ. ಆ ವಿಡಿಯೊವನ್ನು ಗುಬ್ಬಿಯ ಮನೆಗೆ ಬಂದವರಿಗೆಲ್ಲ ತೋರಿಸುತ್ತಿದ್ದರು. ಅಕ್ಕನನ್ನು ಕರೆದುಕೊಂಡು ಹೋಗುತ್ತೇನೆ ಅನ್ನುತ್ತಲೇ ಹೋದ ವರ್ಷ ತೀರಿಕೊಂಡರು. ಅಲ್ಲಿಂದೀಚೆಗೆ ಅಕ್ಕ ಗುಬ್ಬಿ ಬಿಟ್ಟು ಕದಲಲಿಲ್ಲ. ತುಮಕೂರಿನ ನಮ್ಮ ಮನೆ ಎಷ್ಟು ದೂರ? ಬಸ್ಸಿನಲ್ಲಿ ಒಂದು ಕೋಳಿನಿದ್ದೆ ಮಾಡುವುದರೊಳಗೆ ಬರುತ್ತದೆ. ಅದಕ್ಕೂ ಬರಲಿಲ್ಲ. ಹೀಗೇ ಬಿಟ್ಟರೆ ಇವಳು ಇನ್ನು ಹೊಸಿಲು ದಾಟುವುದಿಲ್ಲ ಎಂದು ನನಗೆ ಭಯವಾಯಿತು.

ಆ ಸೇತುವೆಗೇ ಒಂದು ದಿನದ ಪ್ರವಾಸ ಹಾಕಿದೆ. ಎತ್ತರ ಅಂದರೆ ನನಗೆ ಆಗದು. ದೇವರಾಯನದುರ್ಗದ ಬೆಟ್ಟದಲ್ಲೂ ಗೋಡೆಗೆ ಆತುಕೊಂಡೇ ನಿಲ್ಲುವವನು. ಅದನ್ನು ಯಾರಿಗೂ ಹೇಳಲಿಲ್ಲ. ಭಾನುವಾರಕ್ಕೆ ಕಾರು ಗೊತ್ತು ಮಾಡಿದೆ. ದಾರಿಯಲ್ಲಿ ಕುಣಿಗಲ್ಲಿನ ಚಿಕ್ಕಮ್ಮನನ್ನೂ ಹತ್ತಿಸಿಕೊಳ್ಳುವುದು, ಚಿತ್ರಾನ್ನ ಅವರದ್ದು ಎಂದು ಮಾತಾಯಿತು.

ಅಕ್ಕ ಮೊದಲು ಮಂಡಿನೋವು ಅಂದಳು. ಆಮೇಲೆ ಕಾರಿನಲ್ಲಿ ವಾಂತಿ ಬರುತ್ತದೆ ಅಂದಳು. ಕೊನೆಗೆ, ಭಾನುವಾರ ಪಶ್ಚಿಮಕ್ಕೆ ಶೂಲೆ, ಆ ದಿಕ್ಕಿಗೆ ಹೊರಡಬಾರದು ಅಂದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವಳಿಗೆ ದಿಕ್ಕೇ ಡೊಂಕು. ನನಗೆ ರೇಗಿತು. ಹಾಗಿದ್ದರೆ ಪರಸ್ಥಾನ ಇಡು ಅಂದೆ. ನಮ್ಮ ಹಳಬರ ಉಪಾಯ ಅದು. ಹೊರಡುವ ದಿನ ಸರಿಯಿಲ್ಲದಿದ್ದರೆ, ಅದಕ್ಕೂ ಮೊದಲು ಒಳ್ಳೆಯ ದಿನ ನೋಡಿ, ಉಡುವ ಬಟ್ಟೆಯ ಗಂಟೊಂದನ್ನು ದಾರಿಯಲ್ಲಿರುವ ಬೇರೆಯವರ ಮನೆಯಲ್ಲಿ ಇಡುತ್ತಿದ್ದರು. ಗಂಟು ಹೋದರೆ ಮನುಷ್ಯ ಹೊರಟ ಹಾಗೇ ಲೆಕ್ಕ. ನಾನು ಹಂಗಿಸಲು ಅಂದಿದ್ದು. ಅಕ್ಕ ಪಂಚಾಂಗ ನೋಡಿ, ಬುಧವಾರ ಬಂದು ಗಂಟು ತೆಗೆದುಕೊಂಡು ಹೋಗು ಅಂದಳು.

ಒಂದು ಸೀರೆ, ಅರಿಶಿನದ ಕೊಂಬು, ಅಡಿಕೆ ಇಟ್ಟು ಕಟ್ಟಿದ ಗಂಟನ್ನು ಗುಬ್ಬಿಯಿಂದ ಒಯ್ದು ಚಿಕ್ಕಮ್ಮನ ಮನೆಯ ದೇವರ ಗೂಡಿನ ಕೆಳಗೆ ಇಟ್ಟು ಬಂದೆ.

ಶನಿವಾರ ಸಂಜೆ ಸೇತುವೆಯ ಟಿಕೆಟ್ಟಿನವರು ಫೋನ್ ಮಾಡಿದರು. ಮಳೆಗಾಳಿ ಜೋರಾಗಿದೆ, ಮುಚ್ಚಿದ್ದೇವೆ ಅಂದರು. ಸುಳ್ಳೇಕೆ, ನನಗೆ ಹೋದ ಜೀವ ಬಂದ ಹಾಗಾಯಿತು. ಮರುಗಳಿಗೆಯಲ್ಲೇ ಸಂಕಟ ಶುರುವಾಯಿತು. ಇಷ್ಟು ಕಷ್ಟಪಟ್ಟು ಎಬ್ಬಿಸಿದವಳು ಮತ್ತೆ ಕೂತುಬಿಡುತ್ತಾಳೆ. ವಿಷಯ ತಿಳಿಸಿದಾಗ ಅಕ್ಕ ಹೌದಾ ಅಂದು ಫೋನ್ ಇಟ್ಟುಬಿಟ್ಟಳು. ಕಾರಿನವನಿಗೂ ಬರಬೇಡ ಅಂದೆ.

ಭಾನುವಾರ ಬೆಳಿಗ್ಗೆ ಗಂಟನ್ನು ವಾಪಸ್ ತರೋಣ ಎಂದು ಬೈಕಿನಲ್ಲಿ ಕುಣಿಗಲ್ಲಿಗೆ ಹೋದೆ. ಚಿಕ್ಕಮ್ಮನ ಮನೆಯ ಜಗಲಿಯ ಮೇಲೆ ಅಕ್ಕ ಕೂತಿದ್ದಳು. ಹಣೆಗೆ ವಿಭೂತಿ, ಮೈಮೇಲೆ ಗಂಟಿನಲ್ಲಿದ್ದ ಸೀರೆ. ತುಮಕೂರಿನಲ್ಲಿ ಬಸ್ಸು ಬದಲಾಯಿಸಿ ಒಬ್ಬಳೇ ಬಂದಿದ್ದಳು.

"ಸೇತುವೆ ಮುಚ್ಚವ್ರೆ ಅಂತ ಹೇಳಿದ್ನಲ್ಲಕ್ಕ" ಅಂದೆ.

"ಅವ್ರು ಮುಚ್ಕೊಂಡ್ರೆ ನಾನೇನ್ ಮಾಡ್ಲಿ? ಗಂಟು ಇಟ್ಟಿದ್ ದಿನಾನೇ ನಾನು ಹೊರಟಾಯ್ತು ಕಣೋ. ಎಲ್ಲೂ ಹೋಗ್ದೆ ಹಂಗೇ ವಾಪಸ್ ಹೋಗಂಗಿಲ್ಲ."

ಎಲ್ಲಿಗೆ ಎಂಬುದನ್ನೂ ಅವಳೇ ತೀರ್ಮಾನಿಸಿದ್ದಳು. ಹುಲಿಯೂರುದುರ್ಗದ ಬೆಟ್ಟ ದಕ್ಷಿಣಕ್ಕಿದೆ, ಶೂಲೆಯ ಕಾಟವಿಲ್ಲ. ಚಿಕ್ಕಮ್ಮನ ಚಿತ್ರಾನ್ನ ಕಟ್ಟಿಸಿಕೊಂಡು ಮೂವರೂ ಬಸ್ಸು ಹತ್ತಿದೆವು. ಬೆಟ್ಟದಲ್ಲಿ ಮಂಡಿ ಹಿಡಿದುಕೊಂಡು, ನಿಂತು ನಿಂತು, ಅಕ್ಕ ಒಂದು ಹಾಸುಬಂಡೆಯವರೆಗೂ ಹತ್ತಿದಳು. ಅಂಚಿಗೆ ಹೋಗಿ ಕೆಳಗಿನ ಹೊಲ, ತೋಟ, ಕೆರೆ ಎಲ್ಲವನ್ನೂ ನೋಡಿದಳು. ನಾನು ಹಿಂದೆ ಕಲ್ಲಿಗೆ ಬೆನ್ನು ಕೊಟ್ಟು ಕೂತಿದ್ದೆ.

ತಿರುಗಿ ನೋಡಿ ನಕ್ಕಳು. "ನಿಮ್ ಭಾವನೂ ಹಿಂಗೇ ಕಣೋ. ಧೈರ್ಯ ಎಲ್ಲಾ ವಿಡಿಯೊದಲ್ಲೇ."

ಭಾವ ಹೋದ ಮೇಲೆ ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅವತ್ತೇ. ನನಗೆ ಕಣ್ಣು ತುಂಬಿತು. ಎತ್ತರಕ್ಕೆ ಹೆದರಿದ ಎಂದುಕೊಂಡು ಚಿಕ್ಕಮ್ಮ ನೀರು ಕೊಟ್ಟರು.

ಸಂಜೆ ಕುಣಿಗಲ್ಲಿಗೆ ಬಂದ ಮೇಲೆ ಅಕ್ಕ ಸೀರೆ ಬದಲಾಯಿಸಿದಳು. ಬಿಚ್ಚಿದ ಸೀರೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಳ್ಳುತ್ತಾಳೆ ಅಂದುಕೊಂಡೆ. ಅವಳು ಅದೇ ಅರಿಶಿನದ ಕೊಂಬು, ಅಡಿಕೆ ಇಟ್ಟು ಮತ್ತೆ ಗಂಟು ಕಟ್ಟಿ, ದೇವರ ಗೂಡಿನ ಕೆಳಗೆ ಸರಿಸಿದಳು.

"ಸೇತುವೆ ಮತ್ತೆ ತೆಗ್ದ ದಿನ ಫೋನ್ ಮಾಡು" ಅಂದಳು.