ಸ್ಲೈಡಿನೊಳಗಿನ ಬಿಳಿ ಕೂದಲು

ನಮ್ಮ ಚಿಕ್ಕಮ್ಮ ಕಾಲೇಜಿನ ಸಸ್ಯಶಾಸ್ತ್ರದ ಲ್ಯಾಬಿನಲ್ಲಿ ಹತ್ತೊಂಬತ್ತು ವರ್ಷ ಬೇರು ಕೊಯ್ದಳು. ನಗಬೇಡಿ, ಅದೇ ಅವಳ ಕೆಲಸ. ಬೀನ್ಸ್ ಗಿಡದ ಬೇರನ್ನು ಕ್ಷೌರದ ಬ್ಲೇಡಿನಲ್ಲಿ ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಅಡ್ಡ ಕೊಯ್ದು, ಬಣ್ಣ ಹಾಕಿ, ಗಾಜಿನ ಮೇಲಿಟ್ಟು ಮುಚ್ಚುತ್ತಿದ್ದಳು. ಮೇಲಿನ ಗಾಜು ಆ ಚೂರನ್ನು ಜಜ್ಜದಿರಲೆಂದು ನಡುವೆ ತನ್ನದೇ ಒಂದು ಬಿಳಿ ಕೂದಲು ಇಡುತ್ತಿದ್ದಳು.

"ನಿನ್ನ ತಲೆ ಬೋಳಾದ್ರೆ ಲ್ಯಾಬಿಗೆ ಬೀಗ ಹಾಕ್ಬೇಕಾಗುತ್ತೆ ಕಣಮ್ಮ" ಎಂದು ಪ್ರೊಫೆಸರ್ ರೇಗಿಸುತ್ತಿದ್ದರು.

ಅಷ್ಟು ವರ್ಷವೂ ಹಂಗಾಮಿ ನೌಕರಿ. ಕೊನೆಗೂ ಒಂದು ಕಾಯಂ ಹುದ್ದೆ ಬಂತು. ಪರೀಕ್ಷೆಗೆ ಒಂದೇ ಒಂದು ಸ್ಲೈಡ್ ತರಬೇಕು, ಅದರಲ್ಲಿ ಕವಲುಬೇರು ಹುಟ್ಟುತ್ತಿರುವುದು ಕಾಣಬೇಕು. ಹೇಳಿದಷ್ಟು ಸುಲಭವಲ್ಲ ಸ್ವಾಮಿ! ಕವಲುಬೇರು ಸಿಪ್ಪೆಯಿಂದ ಚಿಗುರುವುದಿಲ್ಲ. ನಟ್ಟನಡುವಿನ ನೀರುನಾಳಗಳ ಅಂಚಿನಲ್ಲಿ ಹುಟ್ಟಿ, ಪದರಗಳನ್ನು ಸೀಳಿಕೊಂಡು ಹೊರಬರುತ್ತದೆ. ಹೊರಗೆ ಏನೂ ಕಾಣದಿರುವಾಗಲೇ ಬ್ಲೇಡು ಸರಿಯಾಗಿ ಆ ಜಾಗಕ್ಕೆ ಬೀಳಬೇಕು.

ಹನ್ನೊಂದು ದಿನ, ಅರವತ್ತು ಬೇರು. ಸಿಕ್ಕಿದ್ದು ಒಂದು. ಚಿಕ್ಕಮ್ಮ ಅದನ್ನು ತೋರಿಸಿದ್ದು ಒಬ್ಬಳಿಗೇ, ಮೂರು ವರ್ಷದ ಹಿಂದೆ ಲ್ಯಾಬಿಗೆ ಸೇರಿದ್ದ ಹುಡುಗಿಗೆ. ಅವಳಿಗೆ ಬ್ಲೇಡು ಹಿಡಿಯಲು ಕಲಿಸಿದ್ದೇ ಚಿಕ್ಕಮ್ಮ. ಅಷ್ಟು ದಿನವೂ ತನ್ನ ಡಬ್ಬಿಯ ಊಟದಲ್ಲೂ ಪಾಲು ಕೊಟ್ಟಿದ್ದಳು. ಬಾಯಿ ತೆರೆದರೆ "ಅಕ್ಕಾ, ಅಕ್ಕಾ" ಎನ್ನುತ್ತಿದ್ದ ಮಹಾತಾಯಿ ಅದೇ ಹುದ್ದೆಗೆ ಗುಟ್ಟಾಗಿ ಅರ್ಜಿ ಹಾಕಿದ್ದಳು.

ಪರೀಕ್ಷೆಯ ಬೆಳಿಗ್ಗೆ ಸ್ಲೈಡಿನ ಪೆಟ್ಟಿಗೆ ಖಾಲಿ. ಹುಡುಕಿ ಸಾಕಾಗಿ, ಚಿಕ್ಕಮ್ಮ ಕೈಗೆ ಸಿಕ್ಕ ಹಳೆಯ ಸ್ಲೈಡೊಂದನ್ನು ಕೊಟ್ಟಳು. ಅದರಲ್ಲಿ ಕವಲು ಆಗಲೇ ಹೊರಗೆ ಬಂದಾಗಿತ್ತು.

ಮಧ್ಯಾಹ್ನ ಪ್ರೊಫೆಸರ್ ಇಬ್ಬರನ್ನೂ ಕರೆದು, ಗೆದ್ದ ಸ್ಲೈಡನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಚಿಕ್ಕಮ್ಮ ಬಗ್ಗಿ ನೋಡಿದಳು. ಅದೇ ಬೇರು, ಅದೇ ಕವಲು, ಪಕ್ಕದಲ್ಲೇ ಬಿಳಿ ಕೂದಲು. ಆ ಹುಡುಗಿಯ ತಲೆಯೋ, ಇದ್ದಿಲಿನಷ್ಟು ಕಪ್ಪು.

"ಸರ್, ಈ ಕೂದ್ಲು ನಂದು. ನಿಮಗೆ ಗೊತ್ತಲ್ಲ" ಎಂದಳು ಚಿಕ್ಕಮ್ಮ.

ಪ್ರೊಫೆಸರ್ ಕನ್ನಡಕ ಒರೆಸಿಕೊಂಡರು. ಅವರಿಗೆ ಗೊತ್ತಿತ್ತು, ಚೆನ್ನಾಗಿಯೇ ಗೊತ್ತಿತ್ತು. "ಅವಳಿಗಿನ್ನೂ ಚಿಕ್ಕ ವಯಸ್ಸು, ಮೂವತ್ತು ವರ್ಷ ದುಡೀತಾಳೆ. ನಿನಗಿನ್ನೆಷ್ಟು ದಿನ? ಕೆಲಸ ಕಲಿಸಿದವಳು ನೀನೇ, ಕೂದ್ಲೂ ನೀನೇ ಕೊಟ್ಟಿರ್ತೀಯ ಬಿಡು."

ಚಿಕ್ಕಮ್ಮ ಹುಡುಗಿಯ ಕಡೆ ತಿರುಗಿದಳು. ಅವಳು ನೆಲ ನೋಡುತ್ತಿದ್ದಳು.

"ಕೇಳಿದ್ರೆ ಕೊಡ್ತಿದ್ದೆ ಸರ್" ಎಂದಳು ಚಿಕ್ಕಮ್ಮ. "ಕೂದ್ಲಲ್ಲ, ಆ ಸ್ಲೈಡೇ ಕೊಡ್ತಿದ್ದೆ."