ಜೊತೆಯಿಲ್ಲದ ಕುಳ್ಳ ಓಕ್

ಇಂಥದ್ದನ್ನೆಲ್ಲ ನಾನು ನಂಬುವವಳಲ್ಲ. ದಾವಣಗೆರೆಯಲ್ಲಿ ಅಮ್ಮಿ ಜಿನ್ನುಗಳ ಕಥೆ ಹೇಳಿದಾಗಲೆಲ್ಲ ಸಾಕ್ಷಿ ಎಲ್ಲಿ ಎಂದು ಕೇಳಿ ಬೈಸಿಕೊಳ್ಳುತ್ತಿದ್ದೆ. ನೀವೂ ನಂಬಬೇಕಿಲ್ಲ, ನಡೆದದ್ದನ್ನಷ್ಟೇ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಸ್ವೀಡನ್ನಿನ ಕಾರ್ಲ್‌ಸ್ಟಾಡ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ. ನನ್ನ ವಿಷಯ, ಸೊಂಟದೆತ್ತರ ದಾಟದ ಒಂದು ಕುಳ್ಳ ಓಕ್. ಓಕ್ ಜಾತಿಗೆ ಜೇನು, ಚಿಟ್ಟೆ ಬೇಕಿಲ್ಲ. ಜೋತುಬಿದ್ದ ಗಂಡು ಹೂಗೊಂಚಲಿನಿಂದ ಪರಾಗವನ್ನು ಗಾಳಿಯೇ ಹೆಣ್ಣು ಹೂವಿಗೆ ಒಯ್ಯುತ್ತದೆ. ತನ್ನದೇ ಪರಾಗವನ್ನು ಗಿಡ ಸಾಮಾನ್ಯವಾಗಿ ಒಲ್ಲದು, ಇನ್ನೊಂದು ಗಿಡದ್ದೇ ಬೇಕು. ನಮ್ಮ ಬಳಿ ಇದ್ದದ್ದು ಒಂದೇ ಗಿಡ. ಪರಾಗವೇ ಇಲ್ಲದೆ ಅದು ಕಾಯಿ ಕಟ್ಟೀತೇ ಎಂಬುದು ನನ್ನ ಪ್ರಶ್ನೆ.

ಏಪ್ರಿಲ್‌ನಲ್ಲಿ ಗಿಡವನ್ನು ಗಾಜಿನ ಕೋಣೆಗೆ ತಂದೆ. ಬೆಚ್ಚಗಿದ್ದುದರಿಂದ ಬೇಗ ಮೊಗ್ಗು ಬಿಟ್ಟಿತು. ಗಂಡು ಗೊಂಚಲುಗಳು ಅರಳುವ ಮೊದಲೇ ಒಂದೂ ಬಿಡದೆ ಕಿತ್ತೆ. ಹೆಣ್ಣು ಹೂಗಳಿಗೆ ಕಾಗದದ ಚೀಲ ಕಟ್ಟಿದೆ. ಹೊರಗಿನ ಓಕ್ ಮರಗಳು ಇನ್ನೂ ಬೋಳಾಗಿದ್ದವು, ಅವುಗಳಿಂದಲೂ ಪರಾಗ ಬರುವಂತಿರಲಿಲ್ಲ.

ಒಂದು ಮಧ್ಯಾಹ್ನ ಗೆಳತಿ ನಸ್ರೀನ್ ಊಟ ತಂದಳು. ಅವಳು ಐಟಿ ಕೆಲಸದವಳು, ಗಿಡಗಳ ಗೊಡವೆ ಇಲ್ಲ. ಬಾಗಿಲ ಬಳಿಯ ಬೆಂಚಿನಲ್ಲಿ ಕೂತು ಡಬ್ಬಿ ತೆರೆದಳು.

"ಫ್ಯಾನ್ ಆಫ್ ಮಾಡೇ. ಅನ್ನದ ಮೇಲೆ ಡಸ್ಟ್ ಬೀಳ್ತಿದೆ."

"ಇಲ್ಲಿ ಫ್ಯಾನೇ ಇಲ್ವಲ್ಲೇ."

"ಮತ್ತೆ ಆ ಕವರ್‌ಗಳು ಯಾಕೆ ಅಲ್ಲಾಡ್ತಿವೆ?"

ತಿರುಗಿ ನೋಡಿದೆ. ಹೂವಿಗೆ ಕಟ್ಟಿದ ಚೀಲಗಳೆಲ್ಲ ಪಟಪಟನೆ ಬಡಿದುಕೊಳ್ಳುತ್ತಿದ್ದವು. ಕಿಟಕಿಗಳು ಮುಚ್ಚಿದ್ದವು. ಪಕ್ಕದ ಗಿಡಗಳ ಒಂದೆಲೆಯೂ ಮಿಸುಕಲಿಲ್ಲ. ಅರ್ಧ ನಿಮಿಷದಲ್ಲಿ ಎಲ್ಲ ನಿಂತಿತು. ಡಬ್ಬಿಯ ಮುಚ್ಚಳದ ಮೇಲಿದ್ದ ಹಳದಿ ಧೂಳನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದೆ. ಓಕ್ ಪರಾಗ.

ನಸ್ರೀನ್ ದುವಾ ಹೇಳಿಕೊಳ್ಳುತ್ತಾ ಡಬ್ಬಿ ಮುಚ್ಚಿದಳು. ಆ ದಿನ ಇಬ್ಬರೂ ಊಟ ಮಾಡಲಿಲ್ಲ.

ಚೀಲಗಳನ್ನು ಒಂದೊಂದಾಗಿ ಪರೀಕ್ಷಿಸಿದೆ. ಎಲ್ಲೂ ತೂತಿರಲಿಲ್ಲ. ಶರತ್ಕಾಲದ ಹೊತ್ತಿಗೆ ಗಿಡದಲ್ಲಿ ಮೂರು ಕಾಯಿ ಬಲಿತಿದ್ದವು. ಡಿಎನ್‌ಎ ಪರೀಕ್ಷೆ ಮಾಡಿಸಿದರೆ, ಮೂರಕ್ಕೂ ತಂದೆ ಅದೇ ಜಾತಿಯ ಇನ್ನೊಂದು ಗಿಡ. ಅಂಥ ಗಿಡ ಸ್ವೀಡನ್ನಿನಲ್ಲಿ ಇನ್ನೆಲ್ಲಾದರೂ ಇರುವುದು ಯಾರಿಗೂ ಗೊತ್ತಿರಲಿಲ್ಲ.

ಮಾರ್ಗದರ್ಶಕಿ ಕಾರಿನ್ ಒಳ್ಳೆಯವರು. ಫೀಕಾಗೆ, ಅಂದರೆ ಅಲ್ಲಿನವರ ಕಾಫಿ ವಿರಾಮಕ್ಕೆ, ಕರೆದು ಕಾಫಿ ಕೊಟ್ಟು, ಎಲ್ಲೋ ಹೊರಗಿನ ಪರಾಗ ಸೇರಿ ಕಲಬೆರಕೆಯಾಗಿದೆ, ಈ ಫಲಿತಾಂಶ ಬಿಟ್ಟುಬಿಡು, ಇಲ್ಲದಿದ್ದರೆ ಪ್ರಬಂಧ ನಿಲ್ಲುತ್ತದೆ ಎಂದರು. ಬಿಡಲು ನನ್ನಿಂದಾಗಲಿಲ್ಲ. ಕಂಡದ್ದನ್ನು ಕಂಡಂತೆ ಬರೆದೆ. ಪದವಿ ಒಂದು ವರ್ಷ ತಡವಾಯಿತು.

ಆ ಕಾಯಿಗಳನ್ನು ಬಿತ್ತಿದೆವು, ಮೂರೂ ಮೊಳೆತವು. ಸಸಿಗಳ ದಾಖಲೆಯಲ್ಲಿ ತಂದೆ ಗಿಡದ ಹೆಸರು ಬರೆಯುವ ಜಾಗವೊಂದಿದೆ. ಅಲ್ಲಿ ಕಾರಿನ್ 'ಕಲಬೆರಕೆ' ಎಂದು ಬರೆದಿದ್ದರು. ಅದನ್ನು ಹೊಡೆದುಹಾಕಿ 'ಗೊತ್ತಿಲ್ಲ' ಎಂದು ಬರೆದೆ. ಅದನ್ನು ತಿದ್ದಲು ನನಗೆ ಇಂದಿಗೂ ಬೇರೆ ಪದ ಸಿಕ್ಕಿಲ್ಲ.